ಓವರ್‌ಲೋಡ್ ಟ್ರಿಪ್ ಆಗಲೇ ಇಲ್ಲ, ಆದರೂ 110 ಟನ್ ಪ್ರೆಸ್ಸಿನ ಗೇರ್ ಹಲ್ಲು ಮುರಿದಿದೆ. ಯಾಕೆ?

ಪೀಣ್ಯ ಪ್ರೆಸ್ ಶಾಪ್

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಶಾಪ್. ಐದು ಪ್ರೆಸ್, ಹನ್ನೊಂದು ಜನ. ಹೋದ ವಾರ ನಮ್ಮ 110 ಟನ್ ಸಿ-ಫ್ರೇಮ್ ಪ್ರೆಸ್ಸಿನ ಮೇನ್ ಗೇರಿನಲ್ಲಿ ಎರಡು ಹಲ್ಲು ಮುರಿದು ಬಿದ್ದಿವೆ. ಅದನ್ನು ತಿರುಗಿಸುವ ಚಿಕ್ಕ ಗೇರ್, ಪಿನಿಯನ್ ಕೂಡ ಕೆಟ್ಟಿದೆ. ಕೆಲಸ ನಿಂತಿದೆ.

ಪ್ರೆಸ್ಸಿಗೆ ಏರ್ ಕ್ಲಚ್ ಇದೆ. ಸ್ಟ್ರೋಕ್, ಅಂದರೆ ಅಚ್ಚಿನ (ಡೈ) ಮೇಲಿನ ಭಾಗ ಹೊತ್ತ ಸ್ಲೈಡ್ ಮೇಲಿಂದ ಕೆಳಗೆ ಓಡುವ ದೂರ, 180 ಮಿ.ಮೀ. ಸ್ಲೈಡ್ ಒಳಗೆ ಹೈಡ್ರಾಲಿಕ್ ಓವರ್‌ಲೋಡ್ ಪ್ರೊಟೆಕ್ಟರ್ ಇದೆ. ಅದು ಸರಿಯಾಗಿ ಕೆಲಸ ಮಾಡುತ್ತಿದೆ, ಚೆಕ್ ಮಾಡಿಸಿದ್ದೇನೆ.

ಜಾಬ್ ಏನೆಂದರೆ, ಒಂದೇ ಡೈನಲ್ಲಿ ಬ್ಲ್ಯಾಂಕಿಂಗ್ ಮತ್ತು ಡ್ರಾ ಎರಡೂ. 200 ಮಿ.ಮೀ. ಬ್ಲ್ಯಾಂಕ್ ಕತ್ತರಿಸಿ, ಅದೇ ಹೊಡೆತದಲ್ಲಿ 130 ಮಿ.ಮೀ. ವ್ಯಾಸ, 44 ಮಿ.ಮೀ. ಆಳದ ಕಪ್ ಎಳೆಯುತ್ತದೆ. ಐದು ವರ್ಷ 2 ಮಿ.ಮೀ. ಶೀಟ್ ಓಡಿಸಿದೆವು, ಒಂದು ದಿನವೂ ತೊಂದರೆ ಇರಲಿಲ್ಲ. ನಾಲ್ಕು ತಿಂಗಳ ಹಿಂದೆ ಕಸ್ಟಮರ್ 3 ಮಿ.ಮೀ.ಗೆ ಬದಲಿಸಿದರು. ಪಂಚ್, ರಿಂಗ್ ಬದಲಿಸಿ ಕ್ಲಿಯರೆನ್ಸ್ ಸರಿ ಮಾಡಿಸಿದೆವು.

ನಾನು ಲೆಕ್ಕ ಹಾಕದೆ ಓಡಿಸಿಲ್ಲ. ಸುತ್ತಳತೆ 628 ಮಿ.ಮೀ., ದಪ್ಪ 3, ಶಿಯರ್ ಸ್ಟ್ರೆಂತ್ 320 ಹಿಡಿದರೆ 61.5 ಟನ್ ಬರುತ್ತದೆ. 110 ಟನ್ ಪ್ರೆಸ್ಸಿಗೆ ಅದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ, ಅಲ್ವಾ? ಓವರ್‌ಲೋಡ್ ಒಂದು ಸಲವೂ ಟ್ರಿಪ್ ಆಗಿಲ್ಲ. ಮೆಕ್ಯಾನಿಕ್ ಗೇರ್ ಮಾಲೇ ಕಳಪೆ ಅನ್ನುತ್ತಾರೆ. ನನಗೆ ಡೈ ಕೂರಿಸಿ ಹೊಂದಿಸುವ ನಮ್ಮ ಸೆಟ್ಟರ್ ಮೇಲೆ ಅನುಮಾನ. ಶಟ್ ಹೈಟ್ (ಸ್ಲೈಡ್ ತಳದಲ್ಲಿದ್ದಾಗ ಅದರ ಕೆಳಗೆ ಉಳಿಯುವ ಎತ್ತರ) ಜಾಸ್ತಿ ಇಳಿಸಿರಬೇಕು ಅನಿಸುತ್ತದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಹಳೇ ಮೇಂಟೆನೆನ್ಸ್

ಸರ್, ಸೆಟ್ಟರನ್ನು ಬೈಯುವ ಮೊದಲು ಒಂದು ಪ್ರಶ್ನೆ. ಶೀಟಿಗೆ ಪಂಚ್ ತಾಗುವ ಹೊತ್ತಿಗೆ ಸ್ಲೈಡ್ ಕೆಳಗಿನ ತುದಿಯಿಂದ ಎಷ್ಟು ಮೇಲಿರುತ್ತದೆ? ಪ್ರೆಸ್ಸಿನ ಕ್ಯಾಟಲಾಗ್‌ನಲ್ಲಿ 110 ಟನ್ ಎಷ್ಟು ಮಿ.ಮೀ.ಗೆ ಅಂತ ಬರೆದಿದೆ?

ಪೀಣ್ಯ ಪ್ರೆಸ್ ಶಾಪ್

ಕಪ್ 44 ಆಳ, ಶೀಟ್ 3. ಹಾಗಾದರೆ ಸುಮಾರು 47 ಮಿ.ಮೀ. ಮೇಲೆ ತಾಗುತ್ತದೆ ಸರ್. ಕ್ಯಾಟಲಾಗ್‌ನಲ್ಲಿ '110 ಟನ್, 6 ಮಿ.ಮೀ.' ಅಂತಿದೆ. ಆ 6 ಏನು ಅಂತ ಇಷ್ಟು ವರ್ಷ ಯೋಚಿಸಿರಲಿಲ್ಲ.

ಹಳೇ ಮೇಂಟೆನೆನ್ಸ್

ಆ 6ರಲ್ಲೇ ನಿಮ್ಮ ಗೇರಿನ ಕಥೆ ಇದೆ. ಸ್ವಲ್ಪ ಉದ್ದವಾಗುತ್ತದೆ, ಸಮಾಧಾನವಾಗಿ ಓದಿ.

ಪ್ರೆಸ್ ಮೇಲೆ ಬರೆದಿರುವ ಟನ್ ಇಡೀ ಸ್ಟ್ರೋಕಿಗೆ ಅಲ್ಲ. ಕೆಳಗಿನ ಕೊನೆಯ 6 ಮಿ.ಮೀ.ಗೆ ಮಾತ್ರ. ಅದಕ್ಕಿಂತ ಮೇಲೆ ಹೋದಂತೆ ಪ್ರೆಸ್ ತಡೆದುಕೊಳ್ಳುವ ಲೋಡ್ ಇಳಿಯುತ್ತಾ ಹೋಗುತ್ತದೆ. ನೀರು ತುಂಬಿದ ಕೊಡವನ್ನು ಕೈ ಇಳಿಬಿಟ್ಟು ಹಿಡಿದುಕೊಂಡು ನಡೆಯಬಹುದು. ಅದೇ ಕೊಡವನ್ನು ಕೈ ಪಕ್ಕಕ್ಕೆ ಚಾಚಿ ಹಿಡಿಯಿರಿ, ಭುಜ ಕಿತ್ತು ಬರುತ್ತದೆ. ಕೊಡದ ತೂಕ ಬದಲಾಗಿಲ್ಲ, ಭುಜದಿಂದ ಅದರ ದೂರ ಬದಲಾಗಿದೆ. ತಿರುಗುತ್ತಾ ಸ್ಲೈಡನ್ನು ಮೇಲೆ ಕೆಳಗೆ ಓಡಿಸುವ ಕ್ರ್ಯಾಂಕಿಗೂ ಅದೇ ಆಗುತ್ತದೆ. ಸ್ಲೈಡ್ ಕೆಳಗಿನ ತುದಿಯ ಹತ್ತಿರ ಇದ್ದಾಗ ಕ್ರ್ಯಾಂಕ್ ಹೆಚ್ಚು ಕಮ್ಮಿ ನೇರ ಕೆಳಗೆ ನೋಡುತ್ತಿರುತ್ತದೆ, ತೋಳು ಚಿಕ್ಕದು. ಮೇಲೆ ಇದ್ದಾಗ ತೋಳು ಪಕ್ಕಕ್ಕೆ ಚಾಚಿರುತ್ತದೆ.

ಲೆಕ್ಕ ಹೈಸ್ಕೂಲಿನದೇ. ಸ್ಟ್ರೋಕ್ 180, ಅಂದರೆ ಕ್ರ್ಯಾಂಕಿನ ತೋಳು 90. ಸ್ಲೈಡ್ 6 ಮಿ.ಮೀ. ಮೇಲಿದ್ದಾಗ ಲಂಬದ ಬಾಹು 84. ಕರ್ಣ 90. ಉಳಿದ ಬಾಹು ಸುಮಾರು 32 ಮಿ.ಮೀ. ಇದು 110 ಟನ್ ಹೊರುವ ಜಾಗದ ತೋಳು. ಈಗ 47 ಮಿ.ಮೀ. ಮೇಲೆ ನೋಡಿ. ಲಂಬ 43, ಕರ್ಣ 90, ಉಳಿದದ್ದು 79 ಮಿ.ಮೀ. ತೋಳು ಎರಡೂವರೆ ಪಟ್ಟು ಉದ್ದವಾಯಿತು. 110ನ್ನು 32.3ರಿಂದ ಗುಣಿಸಿ 79ರಿಂದ ಭಾಗಿಸಿ. 45 ಟನ್ ಬರುತ್ತದೆ. ಕನೆಕ್ಟಿಂಗ್ ರಾಡ್ ಓರೆಯಾಗುವುದನ್ನು ಲೆಕ್ಕಕ್ಕೆ ತಂದರೂ ಹೆಚ್ಚು ಕಮ್ಮಿ ಇಷ್ಟೇ.

ಅಂದರೆ ನೀವು ಶೀಟ್ ಕತ್ತರಿಸುವ ಜಾಗದಲ್ಲಿ ನಿಮ್ಮದು 45 ಟನ್ ಪ್ರೆಸ್. ಅದಕ್ಕೆ 61.5 ಟನ್ ಕೆಲಸ ಕೊಟ್ಟಿದ್ದೀರಿ. ಪ್ರತಿ ಹೊಡೆತಕ್ಕೂ ಗೇರ್, ಕ್ರ್ಯಾಂಕ್, ಕ್ಲಚ್ಚಿನ ಮೇಲೆ ಟಾರ್ಕ್ (ತಿರುಚುವ ಬಲ) ಮಿತಿಗಿಂತ ಮೂರನೇ ಒಂದು ಭಾಗಕ್ಕೂ ಹೆಚ್ಚು ಜಾಸ್ತಿ.

2 ಮಿ.ಮೀ. ಶೀಟಿಗೆ ಅದೇ ಲೆಕ್ಕ ಮಾಡಿದರೆ 41 ಟನ್. 45ರ ಒಳಗೇ ಇತ್ತು. ಐದು ವರ್ಷ ಓಡಿದ್ದು ಅದಕ್ಕೇ.

ಇನ್ನು ಓವರ್‌ಲೋಡ್ ಯಾಕೆ ಟ್ರಿಪ್ ಆಗಲಿಲ್ಲ? ಅದು ಕೂತಿರುವುದು ಸ್ಲೈಡ್ ಒಳಗೆ, ಕನೆಕ್ಷನ್ ಬಾಲ್ ಕೆಳಗೆ. ಅಲ್ಲಿ ಒತ್ತಡದ ಎಣ್ಣೆ ತುಂಬಿರುತ್ತದೆ. ಸ್ಲೈಡ್ ಮೇಲಿನ ಲೋಡ್ 110 ದಾಟಿದರೆ ವಾಲ್ವ್ ತೆರೆದು ಎಣ್ಣೆ ಹೊರಗೆ ಹೋಗುತ್ತದೆ, ಸ್ಲೈಡ್ ಸಡಿಲವಾಗುತ್ತದೆ. ಅದಕ್ಕೆ ಕಂಡದ್ದು 61 ಟನ್. ಸುಮ್ನೆ ಕೂತಿತ್ತು, ಅದರ ತಪ್ಪಿಲ್ಲ. ಟಾರ್ಕ್ ನೋಡುವ ಕಣ್ಣು ಅದಕ್ಕಿಲ್ಲ.

ಮುರಿದ ಹಲ್ಲು ಇದ್ದರೆ ಎಸೆಯಬೇಡಿ. ಮುರಿದ ಮುಖ ಹೇಗಿದೆ ನೋಡಿ ಹೇಳಿ. ಎರಡೂ ಹಲ್ಲು ಅಕ್ಕಪಕ್ಕದವೇ?

ಪೀಣ್ಯ ಪ್ರೆಸ್ ಶಾಪ್

ಸರ್, ಈಗಷ್ಟೇ ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದು ನೋಡಿದೆ. ಹಲ್ಲಿನ ಬುಡದ ಒಂದು ಮೂಲೆಯಿಂದ ಶುರುವಾಗಿ, ಮೂರನೇ ಎರಡು ಭಾಗ ನಯವಾಗಿದೆ. ಅದರ ಮೇಲೆ ಕಪ್ಪೆಚಿಪ್ಪಿನ ಮೇಲಿರುವಂತೆ ಬಾಗಿದ ಗೆರೆಗಳು. ಬಣ್ಣ ಕಪ್ಪಾಗಿದೆ, ಎಣ್ಣೆ ಒಳಗೆ ಇಳಿದಿದೆ. ಉಳಿದ ಭಾಗ ಒರಟು, ಸಕ್ಕರೆ ಹರಳಿನ ಹಾಗೆ ಹೊಳೆಯುತ್ತಿದೆ. ಎರಡೂ ಅಕ್ಕಪಕ್ಕದ ಹಲ್ಲುಗಳೇ.

ಹಳೇ ಮೇಂಟೆನೆನ್ಸ್

ಅಲ್ಲಿಗೆ ಗೊತ್ತಾಯಿತು. ನಯವಾದ ಭಾಗ ದಿನ ದಿನ ಸ್ವಲ್ಪ ಸ್ವಲ್ಪ ಬಿಟ್ಟ ಬಿರುಕು. ಹೊಳೆಯುವ ಭಾಗ ಕೊನೆಯ ದಿನ ಒಂದೇ ಏಟಿಗೆ ಹೋದದ್ದು. ಒಂದು ತಪ್ಪು ಸೆಟ್ಟಿಂಗಿನಿಂದ ಮುರಿದಿದ್ದರೆ ಪೂರ್ತಿ ಒರಟಾಗಿರುತ್ತಿತ್ತು.

ಅಕ್ಕಪಕ್ಕದ ಹಲ್ಲೇ ಯಾಕೆ? ಮೇನ್ ಗೇರ್ ಕ್ರ್ಯಾಂಕ್ ಶಾಫ್ಟ್ ಮೇಲೇ ಕೂತಿದೆ. ಪ್ರತಿ ಸ್ಟ್ರೋಕಿನಲ್ಲೂ ಶೀಟ್ ತಾಗುವ ಕೋನ ಒಂದೇ. ಹಾಗಾಗಿ ಪ್ರತಿ ಏಟೂ ಅದೇ ಒಂದೆರಡು ಹಲ್ಲಿನ ಮೇಲೆ. ಉಳಿದ ಹಲ್ಲುಗಳು ಹೊಸದರಂತೆ ಇರಬಹುದು.

ಡೈ ಸೆಟ್ಟರ್ ಬೊಮ್ಮಸಂದ್ರ

ನಾನು ಹದಿನಾರು ವರ್ಷದಿಂದ ಸೆಟ್ಟರ್. ಓದುತ್ತಾ ಹೊಟ್ಟೆ ಉರಿಯಿತು. ಏನೇ ಮುರಿದರೂ ಮೊದಲು ಬರುವ ಮಾತು 'ಸೆಟ್ಟರ್ ಜಾಸ್ತಿ ಇಳಿಸಿದ'. ನನಗೂ ಹೀಗೇ ಆಗಿದೆ. ಕ್ರ್ಯಾಂಕ್ ಬಿರುಕು ಬಿಟ್ಟಾಗ ಮೂರು ತಿಂಗಳ ಓಟಿ ಹಿಡಿದಿದ್ದರು. ಡೈ ಯಾವ ಪ್ರೆಸ್ಸಿಗೆ ಹಾಕಬೇಕು ಅಂತ ಹೇಳುವುದು ಪ್ಲಾನಿಂಗ್. ಕ್ಯಾಟಲಾಗ್ ಆಫೀಸಿನ ಬೀರುವಿನಲ್ಲಿ. ನಮ್ಮ ಕೈಗೆ ಬರುವುದು ಡೈ ಮತ್ತು ಸ್ಪ್ಯಾನರ್ ಮಾತ್ರ.

ಆದರೆ ಸೆಟ್ಟರ್ ಕೈಯಿಂದ ಆಗುವ ತಪ್ಪೂ ಇದೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಎಂಬಾಸ್ ಗುರುತು ಸರಿಯಾಗಿ ಬೀಳಲಿಲ್ಲ ಅಂದರೆ 'ಇನ್ನೊಂದು ಚೂರು ಇಳಿಸು' ಅನ್ನುತ್ತಾರೆ. ಡೈ ತಳ ಹೊಡೆದ ಮೇಲೆ ಆ ಒಂದು ಚೂರಿಗೆ ಜಾಗ ಎಲ್ಲಿದೆ? ಫ್ರೇಮ್ ಹಿಗ್ಗಬೇಕು ಅಷ್ಟೆ. ಫ್ರೇಮ್ ಒಂದು ಮಿ.ಮೀ. ಹಿಗ್ಗಲು 60 ಟನ್ ಬೇಕಾದರೆ, ಕಾಲು ಮಿ.ಮೀ. ಇಳಿಸಿದರೆ 15 ಟನ್ ಏರಿತು. ಗುರುತು ಬೀಳದಿದ್ದರೆ ನಾನು ಈಗ ಮೊದಲು ಪಂಚ್ ಬಿಚ್ಚಿ ಎತ್ತರ ಅಳೆಯುತ್ತೇನೆ, ಶಿಮ್ (ತೆಳು ತಗಡು) ಹಾಕುತ್ತೇನೆ. ಸ್ಲೈಡ್ ಮುಟ್ಟುವುದಿಲ್ಲ.

ಇನ್ನೊಂದು ತಪ್ಪು ಕಣ್ಣಾರೆ ಕಂಡದ್ದು. ಓವರ್‌ಲೋಡ್ ಪದೇ ಪದೇ ಟ್ರಿಪ್ ಆಗುತ್ತಿದೆ, ಪ್ರೊಡಕ್ಷನ್ ನಿಲ್ಲುತ್ತಿದೆ ಅಂತ ಅದರ ಪ್ರೆಷರ್ ಏರಿಸಿಬಿಟ್ಟರು. ಆರು ವಾರದಲ್ಲಿ ಗಂಟಲಿನ (ಸಿ ಆಕಾರದ ಒಳಬಾಗಿನ) ಮೂಲೆಯಲ್ಲಿ ಫ್ರೇಮ್ ಬಿರುಕು ಬಿಟ್ಟಿತು. ಕೂದಲೆಳೆಯಷ್ಟು, ಪೇಂಟ್ ಮೇಲೆ ಗೆರೆ ಹಾಗೆ ಕಂಡಿತು. ಮೊದಲು ಧೂಳು ಅಂದುಕೊಂಡು ಬಟ್ಟೆಯಲ್ಲಿ ಒರೆಸಿದೆ. ಹೋಗಲಿಲ್ಲ. ಟ್ರಿಪ್ ಆದರೆ ಕಾರಣ ಹುಡುಕಿ. ವಾಲ್ವ್ ಮುಟ್ಟಬೇಡಿ, ಕೈ ಮುಗಿಯುತ್ತೇನೆ.

ಪೀಣ್ಯ ಪ್ರೆಸ್ ಶಾಪ್

ಅಣ್ಣ, ನಿಮ್ಮ ಮಾತು ನನಗೆ ತಟ್ಟಿತು. ಇವತ್ತು ಬೆಳಿಗ್ಗೆ ನಮ್ಮ ಸೆಟ್ಟರನ್ನು ಕರೆದು ಈ ಲೆಕ್ಕ ತೋರಿಸಿದೆ. ತಪ್ಪು ನನ್ನದು ಅಂತ ಎಲ್ಲರೆದುರೇ ಹೇಳಿದೆ. ಅವರು ಒಂದು ವಿಷಯ ಹೇಳಿದರು. 3 ಮಿ.ಮೀ. ಶುರುವಾದಾಗಿನಿಂದ ಪ್ರತಿ ಹೊಡೆತಕ್ಕೂ ಫ್ಲೈವೀಲ್ ಸದ್ದು ಕುಗ್ಗಿ ಮತ್ತೆ ಏರುತ್ತಿತ್ತಂತೆ. ಬೆಲ್ಟ್ ಕೀರಲು ಸದ್ದು ಬರುತ್ತಿತ್ತಂತೆ. ನನಗೆ ಹೇಳಲು ಬಂದಿದ್ದರು, ನಾನು ಬೆಲ್ಟ್ ಟೈಟ್ ಮಾಡು ಅಂದೆ. ಈಗ ನೆನಪಾಗುತ್ತಿದೆ.

ಟೂಲ್ ಆಂಡ್ ಡೈ ವಿದ್ಯಾರ್ಥಿನಿ

ನಮಸ್ತೆ. ನಾನು ಟೂಲ್ ಆಂಡ್ ಡೈ ಡಿಪ್ಲೊಮಾ ಓದುತ್ತಿದ್ದೇನೆ. ಆ ಫ್ಲೈವೀಲ್ ಸದ್ದು ಕುಗ್ಗುವುದು ಟಾರ್ಕ್ ಓವರ್‌ಲೋಡಿನ ಲಕ್ಷಣವಾ, ಅಥವಾ ಬೇರೆ ವಿಷಯವಾ? ಕ್ಲಾಸಿನಲ್ಲಿ ಟನೇಜ್ ಮಾತ್ರ ಲೆಕ್ಕ ಮಾಡಿಸುತ್ತಾರೆ.

ಹಳೇ ಮೇಂಟೆನೆನ್ಸ್

ಒಳ್ಳೆಯ ಪ್ರಶ್ನೆ ತಾಯಿ. ಅದು ಬೇರೆ ವಿಷಯ, ಶಕ್ತಿಯ ಲೆಕ್ಕ. ಪ್ರೆಸ್ಸಿಗೆ ಮೂರು ಮಿತಿ ಇರುತ್ತವೆ ಅಂತ ನೆನಪಿಡು. ಫ್ರೇಮ್ ತಡೆಯುವ ಟನ್, ಗೇರ್ ಮತ್ತು ಕ್ರ್ಯಾಂಕ್ ತಡೆಯುವ ಟಾರ್ಕ್, ಫ್ಲೈವೀಲ್ ಕೊಡುವ ಶಕ್ತಿ. ಒಂದರೊಳಗೆ ಇದ್ದೀವಿ ಅಂತ ಇನ್ನೊಂದರೊಳಗೂ ಇದ್ದೀವಿ ಅಂತಲ್ಲ.

ಹೊಡೆತದ ಶಕ್ತಿ ಮೋಟರಿನಿಂದ ನೇರ ಬರುವುದಿಲ್ಲ. ಫ್ಲೈವೀಲ್ ಕೂಡಿಟ್ಟದ್ದನ್ನು ಕೊಡುತ್ತದೆ, ಆಮೇಲೆ ಮೋಟರ್ ಅದನ್ನು ತುಂಬಿಸುತ್ತದೆ. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಇರುತ್ತದೆ. ವೇಗ 20% ಇಳಿದರೆ 36% ಶಕ್ತಿ ಖಾಲಿಯಾಯಿತು ಅಂತ ಅರ್ಥ. ಮುಂದಿನ ಸ್ಟ್ರೋಕಿನ ಹೊತ್ತಿಗೆ ಅದು ತುಂಬದಿದ್ದರೆ, ಹತ್ತಾರು ಸ್ಟ್ರೋಕಿನಲ್ಲಿ ಸ್ಲೈಡ್ ತಳ ಮುಟ್ಟುವ ಮುಂಚೆಯೇ ನಿಂತು ಸಿಕ್ಕಿಕೊಳ್ಳುತ್ತದೆ. ಬ್ಲ್ಯಾಂಕಿಂಗಿಗೆ ದೊಡ್ಡ ಬಲ ಬೇಕು, ಆದರೆ ದೂರ ಒಂದೆರಡು ಮಿ.ಮೀ. ಮಾತ್ರ. ಡ್ರಾಗೆ ಬಲ ಕಡಿಮೆ, ದೂರ ಜಾಸ್ತಿ. ಹಾಗಾಗಿ ಶಕ್ತಿ ತಿನ್ನುವುದು ಡ್ರಾ. ಇವರ ಡೈನಲ್ಲಿ ಎರಡೂ ಕೂಡಿವೆ. ಮೇಲೆ ಬ್ಲ್ಯಾಂಕಿಂಗ್ ಗೇರ್ ಕೆಡಿಸಿತು, ಆಮೇಲೆ 44 ಮಿ.ಮೀ. ಡ್ರಾ ಫ್ಲೈವೀಲ್ ಬಸಿಯಿತು. ಶೀಟಿನ ಅಂಚನ್ನು ಕೆಳಗಿನಿಂದ ಒತ್ತಿ ಹಿಡಿಯುವ ಕುಷನ್ ತಳ್ಳುವ ಬಲವನ್ನೂ ಸ್ಲೈಡೇ ಕೊಡಬೇಕು, ಅದನ್ನು ಕೂಡಿಸುವುದು ಎಷ್ಟೋ ಜನ ಮರೆಯುತ್ತಾರೆ.

ಹೆದರಿಸಲು ಹೇಳುತ್ತಿಲ್ಲ. ಮೋಟರ್ ಆಂಪಿಯರ್ ಮೇಲೆ ಒಂದು ಕಣ್ಣಿಟ್ಟರೆ ಸಾಕು, ಇದು ಮೊದಲೇ ಗೊತ್ತಾಗುತ್ತದೆ.

ಚಾಕಣ್ ಕನ್ನಡಿಗ

ನಾನು ಹಾಸನದವನು, ಪುಣೆ ಹತ್ತಿರ ಚಾಕಣ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಡೆ ಕೆಲಸ. ನಮ್ಮಲ್ಲಿ ಆದದ್ದು ಇದಕ್ಕೆ ಉಲ್ಟಾ. ಟನ್ ಮಿತಿಯೊಳಗೆ ಇತ್ತು, ಕೆಲಸ ನಡೆಯುತ್ತಿದ್ದದ್ದೂ ತಳದ ಹತ್ತಿರವೇ. ಆದರೂ ಪ್ರೆಸ್ ಹಾಳಾಗುತ್ತಿತ್ತು.

250 ಟನ್ ಪ್ರೆಸ್. 780 ಎಂಪಿಎ ಗ್ರೇಡಿನ ಗಟ್ಟಿ ಶೀಟ್ ಬಂತು. ಬ್ಲ್ಯಾಂಕಿಂಗ್ ಲೋಡ್ 150 ಟನ್ ಆಸುಪಾಸು. ಆದರೆ ಒಂದೊಂದು ಹೊಡೆತಕ್ಕೂ ಪಟಾಕಿ ಸದ್ದು. ಡೈ ಕೂರುವ ಬೋಲ್ಸ್ಟರ್ ಪ್ಲೇಟಿನ ಬೋಲ್ಟ್ ವಾರಕ್ಕೊಮ್ಮೆ ಸಡಿಲ. ಓವರ್‌ಲೋಡ್ ಸೀಲಿನಿಂದ ಎಣ್ಣೆ ಜಿನುಗು.

ಕಾರಣ ಹೀಗೆ. ಶೀಟ್ ಕತ್ತರಿಸುವಾಗ ಫ್ರೇಮ್ ಬಿಲ್ಲಿನಂತೆ ಹಿಗ್ಗಿ ನಿಂತಿರುತ್ತದೆ. ಗಟ್ಟಿ ಶೀಟ್ ಮೆತ್ತಗೆ ಕತ್ತರಿಸಿಕೊಳ್ಳುವುದಿಲ್ಲ, ಫಟ್ ಅಂತ ಬಿಡುತ್ತದೆ. ಆಗ ಬಿಲ್ಲು ಒಮ್ಮೆಲೇ ಬಿಟ್ಟ ಹಾಗೆ ಸ್ಲೈಡ್ ಕೆಳಗೆ ಧುಮುಕುತ್ತದೆ. ಕನೆಕ್ಷನ್, ಬಾಲ್, ಬೋಲ್ಟ್ ಎಲ್ಲ ಉಲ್ಟಾ ಎಳೆತಕ್ಕೆ ಸಿಗುತ್ತವೆ. ಪ್ರೆಸ್ ಕಟ್ಟಿರುವುದು ಒತ್ತಲು, ಎಳೆಯಲು ಅಲ್ಲ. ಈ ಉಲ್ಟಾ ಲೋಡ್ ಪ್ರೆಸ್ ಟನ್ನಿನ 10% ದಾಟಬಾರದು ಅಂತ ಸಾಮಾನ್ಯ ಲೆಕ್ಕ. ನಮಗೆ 25 ಇರಬೇಕಿತ್ತು, ಮಾನಿಟರ್ ತೋರಿಸಿದ್ದು 40ಕ್ಕೂ ಮೇಲೆ.

ಪಂಚ್‌ಗಳನ್ನು ಮೂರು ಗುಂಪು ಮಾಡಿ ಎತ್ತರ ಬೇರೆ ಬೇರೆ ಮಾಡಿದೆವು. ಮೊದಲ ಗುಂಪು ಪೂರ್ತಿ ಬಿಡುವ ಮೊದಲೇ ಎರಡನೆಯದು ಶೀಟ್ ಹಿಡಿಯಬೇಕು. ಹಾಗಾಗಿ ಎತ್ತರದ ವ್ಯತ್ಯಾಸ ಶೀಟ್ ದಪ್ಪಕ್ಕಿಂತ ಕಡಿಮೆ ಇರಬೇಕು. ಜಾಸ್ತಿ ಇಟ್ಟರೆ ಒಂದು ಫಟ್ ಬದಲು ಮೂರು ಫಟ್ ಆಗುತ್ತದೆ ಅಷ್ಟೆ. ಉಲ್ಟಾ ಲೋಡ್ 20ರ ಒಳಗೆ ಬಂತು. ಆ ದಿನ ಶಾಪಿನಲ್ಲಿ ಮಾತಾಡಿದ್ದು ಕೇಳಿಸಿತು.

ಡೈ ಸೆಟ್ಟರ್ ಬೊಮ್ಮಸಂದ್ರ

ಇದಕ್ಕೆ ಮೊಂಡು ಪಂಚ್ ಕೂಡ ಸೇರಿಸಿ. ಅಂಚು ಉರುಟಾದರೆ ಲೋಡ್ ಏರುತ್ತದೆ. ಪಾರ್ಟಿನಲ್ಲಿ ಬರ್ (ಅಂಚಿನ ಚೂಪು ಮುಳ್ಳು) ಕಂಡ ದಿನವೇ ಗ್ರೈಂಡಿಂಗಿಗೆ ಕೊಡಬೇಕು. 'ಈ ಲಾಟ್ ಮುಗಿಯಲಿ' ಅಂತ ಓಡಿಸಿದ ಎಷ್ಟೋ ಲಾಟ್‌ಗಳ ಬೆಲೆ ಪ್ರೆಸ್ ಕೊಟ್ಟಿದೆ.

ಉದ್ಯಮಬಾಗ್

ಬೆಳಗಾವಿಯಿಂದ. ನೀವೆಲ್ಲ ಏರ್ ಕ್ಲಚ್, ಹೈಡ್ರಾಲಿಕ್ ಓವರ್‌ಲೋಡ್ ಮಾತಾಡುತ್ತಿದ್ದೀರಿ. ನಮ್ಮ ಕಡೆ ಹಳೇ ಪಿನ್ ಕ್ಲಚ್ ಪವರ್ ಪ್ರೆಸ್ ಬಹಳ ಇವೆ ಸರ. ಗೇರ್ ಇಲ್ಲ, ಫ್ಲೈವೀಲ್ ನೇರ ಕ್ರ್ಯಾಂಕ್ ಮೇಲೆ. ಪಿನ್ ಸೇರಿತು ಅಂದರೆ ಮುಗಿಯಿತು, ಒಂದು ಸುತ್ತು ಮುಗಿಯದೆ ನಿಲ್ಲುವುದಿಲ್ಲ. ಇವುಗಳಲ್ಲಿ ಪೂರ್ತಿ ಟನ್ ಸಿಗುವುದು ತಳದ ಒಂದೆರಡು ಮಿ.ಮೀ. ಒಳಗೆ ಮಾತ್ರ. ಅದರಲ್ಲಿ ಆಳದ ಡ್ರಾ ಹಾಕುವುದೇ ತಪ್ಪು.

ನಮ್ಮಲ್ಲಿ ಎಣ್ಣೆ ಅಂಟಿ ಎರಡು ಶೀಟ್ ಒಟ್ಟಿಗೆ ಡೈಗೆ ಹೋದವು. ಸ್ಲೈಡ್ ತಳದ ಹತ್ತಿರ ಕಚ್ಚಿಕೊಂಡು ನಿಂತಿತು. ಒಬ್ಬ ಹುಡುಗ ಉದ್ದ ರಾಡ್ ಹಾಕಿ ಫ್ಲೈವೀಲ್ ಮೀಟಲು ಹೋದ. ನಾನು ಕೂಗಿ ನಿಲ್ಲಿಸಿದೆ. ಸಿಕ್ಕಿಕೊಂಡ ಪ್ರೆಸ್ ಅಂದರೆ ಅಮುಕಿಟ್ಟ ಸ್ಪ್ರಿಂಗ್. ಬಿಟ್ಟಾಗ ರಾಡ್ ಎಲ್ಲಿ ಹಾರುತ್ತದೆ, ಯಾರಿಗೂ ಗೊತ್ತಿಲ್ಲ. ಮೊದಲು ಮೇನ್ ಸ್ವಿಚ್ ಆಫ್, ಬೀಗ, ಫ್ಲೈವೀಲ್ ಪೂರ್ತಿ ನಿಲ್ಲುವವರೆಗೆ ಯಾರೂ ಹತ್ತಿರ ಹೋಗಬಾರದು. ಡೈ ಒಳಗೆ ಕೈ ಹಾಕುವುದಂತೂ ಇಲ್ಲವೇ ಇಲ್ಲ.

ಆ ಪ್ರೆಸ್ಸಿನಲ್ಲಿ ಬಾಲ್ ಕೆಳಗೆ ಎರಕದ ಬಟ್ಟಲು ಇರಬೇಕು. ಲೋಡ್ ಮೀರಿದರೆ ಅದು ಒಡೆದು ಉಳಿದದ್ದನ್ನು ಕಾಯುತ್ತದೆ. ನಮ್ಮದರಲ್ಲಿ ಹಿಂದೆ ಯಾರೋ ಸ್ಟೀಲ್ ಬಟ್ಟಲು ತಿರುಗಿಸಿ ಹಾಕಿದ್ದರು, 'ಇನ್ನು ಒಡೆಯಲ್ಲ' ಅಂತ. ಬಟ್ಟಲು ಒಡೆಯಲಿಲ್ಲ ಸರ, ಕ್ರ್ಯಾಂಕ್ ಬಾಗಿತು. ಕೊನೆಗೆ ಡೈ ಕೆಳಗೆ ಆಸರೆಗೆ ಇಟ್ಟ ಪ್ಯಾರಲಲ್‌ಗಳನ್ನು ಗ್ಯಾಸ್ ಕಟರಿನಲ್ಲಿ ಕತ್ತರಿಸಿ ಬಿಡಿಸಿದೆವು. ಪ್ಯಾರಲಲ್ ಹೋದರೆ ಹೋಗಲಿ, ಅದು ಅಗ್ಗ.

ಚಾಕಣ್ ಕನ್ನಡಿಗ

ಸರಿಯಾಗಿ ಮಾಡಿದ್ದೀರಿ. ಹೈಡ್ರಾಲಿಕ್ ಓವರ್‌ಲೋಡ್ ಇರುವ ಪ್ರೆಸ್ಸಾದರೆ ಅದರ ಎಣ್ಣೆ ಬಿಟ್ಟರೆ ಸಾಕು, ಸ್ಲೈಡ್ ಸಡಿಲವಾಗುತ್ತದೆ. ಇಲ್ಲದಿದ್ದರೆ, ತಳ ಮುಟ್ಟುವ ಮೊದಲೇ ನಿಂತಿದ್ದರೆ, ಮೋಟರ್ ಉಲ್ಟಾ ತಿರುಗಿಸಿ ಪೂರ್ತಿ ವೇಗ ಬಂದ ಮೇಲೆ ಏರ್ ಕ್ಲಚ್ ಹಾಕಿ ಹಿಂದಕ್ಕೆ ಎತ್ತಬಹುದು. ಗೊತ್ತಿರುವವರು ನಿಂತು ಮಾಡಿಸಬೇಕು. ಪಿನ್ ಕ್ಲಚ್ಚಿಗೆ ಇದು ನಡೆಯುವುದಿಲ್ಲ.

ಟೂಲ್ ಆಂಡ್ ಡೈ ವಿದ್ಯಾರ್ಥಿನಿ

ಟನೇಜ್ ಮಾನಿಟರ್ ಹಾಕಿದ್ದರೆ ಪೀಣ್ಯದವರ ಗೇರ್ ಉಳಿಯುತ್ತಿತ್ತಾ?

ಹಳೇ ಮೇಂಟೆನೆನ್ಸ್

ಸಾದಾ ಮಾನಿಟರ್ ಆಗಿದ್ದರೆ ಇಲ್ಲ. ಫ್ರೇಮ್ ಮೇಲೆ ಸ್ಟ್ರೈನ್ ಗೇಜ್ ಕೂರಿಸಿ ಪ್ರತಿ ಹೊಡೆತದ ಗರಿಷ್ಠ ಲೋಡ್ ತೋರಿಸುತ್ತದೆ. ಅದು 61 ತೋರಿಸುತ್ತಿತ್ತು, ಮಿತಿ 110 ಇಟ್ಟಿದ್ದರೆ ಸುಮ್ಮನಿರುತ್ತಿತ್ತು. ಕ್ರ್ಯಾಂಕಿನ ಕೋನದ ಜೊತೆ ಲೋಡ್ ನೋಡುವ ಮಾನಿಟರ್ ಇವೆ. ಕೋನಕ್ಕೆ ತಕ್ಕಂತೆ ಮಿತಿಯ ಗೆರೆ ಹಾಕಬಹುದು. ಅದಾಗಿದ್ದರೆ ಮೊದಲ ಹೊಡೆತಕ್ಕೇ ನಿಲ್ಲಿಸುತ್ತಿತ್ತು. ಯಾವುದೇ ಹಾಕಿದರೂ ಲೋಡ್ ಸೆಲ್ ಇಟ್ಟು ಕ್ಯಾಲಿಬ್ರೇಟ್ ಮಾಡಿಸಬೇಕು, ಇಲ್ಲದಿದ್ದರೆ ಬರುವುದು ಬರೀ ಅಂಕಿ. ಕೆಳಗಿನ ಮಿತಿಯನ್ನೂ ಇಡಿ. ಪಂಚ್ ಮುರಿದು ಲೋಡ್ ಇಳಿದರೆ ಅದೂ ಗೊತ್ತಾಗುತ್ತದೆ.

ಪೀಣ್ಯ ಪ್ರೆಸ್ ಶಾಪ್

ಎಲ್ಲರಿಗೂ ತುಂಬಾ ಧನ್ಯವಾದ. ಮೂರು ವಾರ ಆಯಿತು, ಹೊಸ ಗೇರ್, ಪಿನಿಯನ್ ಕೂತಿವೆ. ಕ್ರ್ಯಾಂಕ್ ಶಾಫ್ಟಿನ ಮೂಲೆಗಳಿಗೆ ಬಣ್ಣದ ದ್ರವ ಹಾಕಿ ಬಿರುಕು ಪರೀಕ್ಷೆ ಮಾಡಿಸಿದೆ, ಏನೂ ಇಲ್ಲ.

ಮೊದಲು ಡೈ ರಿಂಗಿಗೆ ಶಿಯರ್ ಕೊಡೋಣ ಅಂದುಕೊಂಡೆ. ಸಮತಟ್ಟು ಅಂಚನ್ನು ಅಲೆಯಾಗಿ ಮಾಡಿದರೆ ಲೋಡ್ 30% ಇಳಿದೀತು. ಆದರೆ 61.5ರಲ್ಲಿ ಅಷ್ಟು ಕಳೆದರೂ 43 ಉಳಿಯುತ್ತದೆ. ಮಿತಿ 45. ಅಂಚು ಸ್ವಲ್ಪ ಮೊಂಡಾದರೂ ಮತ್ತೆ ಅಲ್ಲಿಗೇ ಬರುತ್ತೇವೆ. ಹಾಗಾಗಿ ಬ್ಲ್ಯಾಂಕಿಂಗ್ ಬೇರೆ ಮಾಡಿದೆ. ಪಕ್ಕದ 100 ಟನ್ ಪ್ರೆಸ್ಸಿನಲ್ಲಿ, ತಳದ ಹತ್ತಿರ ಕತ್ತರಿಸುವ ಹಾಗೆ. 110ರಲ್ಲಿ ಈಗ ಡ್ರಾ ಮಾತ್ರ. ಡ್ರಾ ಲೋಡ್ 29 ಟನ್, ಕುಷನ್ 5, ಒಟ್ಟು 34. ತಾಗುವ ಜಾಗದಲ್ಲೇ 45 ಇದೆ, ಕೆಳಗೆ ಬಂದಂತೆ ಇನ್ನೂ ಜಾಸ್ತಿ. ಪಾರ್ಟಿಗೆ ಒಂದು ಹೊಡೆತ ಹೆಚ್ಚಾಯಿತು. ಕಸ್ಟಮರಿಗೆ ಲೆಕ್ಕ ತೋರಿಸಿ ರೇಟ್ ಕೇಳಿದ್ದೇನೆ.

ಐದೂ ಪ್ರೆಸ್ಸಿಗೆ ತಳದಿಂದ 5, 10, 20, 30, 50 ಮಿ.ಮೀ. ಮೇಲೆ ಎಷ್ಟು ಟನ್ ಅಂತ ಲೆಕ್ಕ ಹಾಕಿ ಫ್ರೇಮ್ ಮೇಲೆ ಪೇಂಟಿನಲ್ಲಿ ಬರೆಸಿದೆ. ಬರೆದದ್ದು ನಮ್ಮ ಸೆಟ್ಟರೇ. ನಿನ್ನೆ ಹೊಸ ಡೈ ಬಂತು. ಅವರು ಮೊದಲು ಸ್ಕೇಲ್ ಹಿಡಿದು ಪಂಚ್ ಎಲ್ಲಿ ತಾಗುತ್ತದೆ ಅಂತ ಅಳೆದರು, ಪೇಂಟ್ ನೋಡಿದರು, 'ಇದು 160ಕ್ಕೆ ಹೋಗಲಿ ಸರ್' ಅಂದರು. ಅಲ್ಲಿಗೇ ಹಾಕಿದೆವು.

ಡೈ ಸೆಟ್ಟರ್ ಬೊಮ್ಮಸಂದ್ರ

ಆ ಪಟ್ಟಿಯ ಒಂದು ಫೋಟೋ ಹಾಕಿ ಸರ್. ನಮ್ಮ ಮ್ಯಾನೇಜರಿಗೆ ತೋರಿಸಬೇಕು.